ಕಾಂಟ್ಯಾಕ್ಟರ್ ಟಕ್ ಅನ್ನುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ

ಪ್ರಶ್ನೆ: ಹಳೆಯ ಎಲೆಕ್ಟ್ರಿಕ್ ಟೋ ಟ್ರ್ಯಾಕ್ಟರ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಗೋದಾಮಿನಲ್ಲಿ ಟ್ರಾಲಿ ಎಳೆಯುವ ಗಾಡಿ. 48 ವೋಲ್ಟ್, 6 ವೋಲ್ಟಿನ ಎಂಟು ಲೆಡ್ ಆ್ಯಸಿಡ್ ಬ್ಯಾಟರಿ. ತುಂಬಾ ದಿನ ನಿಂತಿತ್ತಂತೆ. ಕೀ ಹಾಕಿದರೆ ಲೈಟ್ ಹತ್ತುತ್ತದೆ, ಹಾರ್ನ್ ಬಡಿಯುತ್ತದೆ. ಸೀಟಿನಲ್ಲಿ ಕೂತು ಪೆಡಲ್ ಒತ್ತಿದರೆ ಒಳಗೆ ಟಕ್ ಅಂತ ಸದ್ದು ಬರುತ್ತದೆ, ಅಷ್ಟೇ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೀಟರ್ ಇಟ್ಟರೆ ಬ್ಯಾಟರಿ 49.6 ವೋಲ್ಟ್ ತೋರಿಸುತ್ತದೆ. ‘ಬ್ಯಾಟರಿ ಸರಿ ಇದೆ, ಕಂಟ್ರೋಲರ್ ಹೋಗಿರಬೇಕು’ ಅಂತ ಮಾರಿದವರು ಹೇಳುತ್ತಾರೆ. ಹೊಸ ಕಂಟ್ರೋಲರ್ ತರಿಸಲೇ?

ಉತ್ತರ: ಈಗಲೇ ಬೇಡ. ಪೆಡಲ್ ಒತ್ತಿದ್ದಕ್ಕೆ ತಕ್ಕಂತೆ ಮೋಟಾರಿಗೆ ಕರೆಂಟ್ ಬಿಡುವ ಪೆಟ್ಟಿಗೆಯೇ ಕಂಟ್ರೋಲರ್, ಇಡೀ ಗಾಡಿಯಲ್ಲಿ ಹೆಚ್ಚು ದುಡ್ಡು ಕೇಳುವ ಭಾಗಗಳಲ್ಲಿ ಅದೂ ಒಂದು. ಅದು ಕೆಟ್ಟಿದೆ ಅಂತ ಇಲ್ಲಿಯವರೆಗೆ ಏನೂ ಸಾಬೀತಾಗಿಲ್ಲ. ನೀವು ಬರೆದದ್ದರಲ್ಲಿ ಮೂರು ಸುಳಿವುಗಳಿವೆ: ಹಾರ್ನ್, ಟಕ್ ಸದ್ದು, 49.6 ವೋಲ್ಟ್. ಮೂರೂ ನೋಡಲು ಭರವಸೆ ಕೊಡುತ್ತವೆ, ಆದರೆ ಒಂದೊಂದೂ ಹೇಳುವುದು ತುಂಬಾ ಕಡಿಮೆ.

ಹಾರ್ನ್ ತಗೊಳ್ಳುವುದು ಕೆಲವೇ ಆಂಪಿಯರ್. ಎಷ್ಟೋ ಗಾಡಿಗಳಲ್ಲಿ ಲೈಟು, ಹಾರ್ನು ಎರಡೂ ಬೇರೆ ಡಿ.ಸಿ. ಕನ್ವರ್ಟರ್‌ನಿಂದ, ಇಲ್ಲವೇ ಎಂಟರಲ್ಲಿ ಎರಡೇ ಬ್ಯಾಟರಿಯಿಂದ ಎಳೆದ ತಂತಿಯಿಂದ ನಡೆಯುತ್ತವೆ. ಡ್ರೈವ್ ಮೋಟಾರ್ ಕೇಳುವುದು ನೂರು, ಇನ್ನೂರು ಆಂಪಿಯರ್. ಹಾರ್ನ್ ಬಡಿಯಿತು ಅಂದರೆ ಹಾರ್ನಿನ ದಾರಿ ಸರಿ ಇದೆ ಅಂತ ಮಾತ್ರ ಅರ್ಥ. 49.6 ವೋಲ್ಟ್ ಕೂಡ ಹಾಗೆಯೇ. ಎಂಟು ಬ್ಯಾಟರಿಯಲ್ಲಿ 24 ಸೆಲ್ ಇವೆ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ಇಟ್ಟ ಬ್ಯಾಟರಿ 51 ವೋಲ್ಟಿನ ಹತ್ತಿರ ಇರುತ್ತದೆ. 49.6 ಅಂದರೆ ಸುಮಾರು ಮುಕ್ಕಾಲು ಚಾರ್ಜ್. ಕೇಳಲು ಚೆನ್ನಾಗಿದೆ, ಆದರೆ ಇದು ಯಾರೂ ಕೆಲಸ ಹೇಳದಾಗಿನ ಲೆಕ್ಕ. ನಲ್ಲಿ ಮುಚ್ಚಿರುವಾಗ ಕಸ ಕಟ್ಟಿದ ಪೈಪಿನಲ್ಲೂ ನೀರಿನ ಒತ್ತಡ ಪೂರ್ತಿ ತೋರಿಸುತ್ತದೆ, ಅಲ್ವಾ? ನಲ್ಲಿ ತಿರುಗಿಸಿದಾಗ ತಾನೇ ನಿಜ ಗೊತ್ತಾಗುವುದು. ಈ ಗಾಡಿಯನ್ನೂ ಹಾಗೇ ನೋಡಬೇಕು. ಪ್ರತಿ ಅಳತೆಯನ್ನೂ ಪೆಡಲ್ ಒತ್ತಿರುವಾಗ ತಗೊಳ್ಳಿ.

ಅದಕ್ಕೆ ಮೊದಲು ಸುರಕ್ಷತೆಯ ಮಾತು. ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಡ್ರೈವ್ ಚಕ್ರಗಳನ್ನು ನೆಲದಿಂದ ಎತ್ತಿ, ಚಾಸಿಯ ಕೆಳಗೆ ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಡಿ. ಜ್ಯಾಕ್ ಒಂದನ್ನೇ ನಂಬಬೇಡಿ. ಉಳಿದ ಚಕ್ರಗಳಿಗೆ ಅಡ್ಡ ಕೊಡಿ. ಯಾವುದೋ ಒಂದು ವೈರ್ ಕೂಡಿಸಿದ ಕ್ಷಣ ಗಾಡಿ ಪೂರ್ತಿ ವೇಗದಲ್ಲಿ ಹೊರಟುಬಿಡಬಹುದು. ಕಂಟ್ರೋಲರಿನ ಒಳಗೆ ಶಾರ್ಟ್ ಆಗಿದ್ದರೆ ಆಗುವುದೇ ಅದು. ಚಕ್ರ ಎತ್ತಿದಾಗಲೂ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಬೇಡಿ. ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಸೀರೀಸ್ ಮೋಟಾರ್ ಇರುತ್ತದೆ, ಅದು ಹೊರೆ ಇಲ್ಲದಾಗ ಮಿತಿ ಮೀರಿ ತಿರುಗುತ್ತದೆ. ಉಂಗುರ, ವಾಚು, ಲೋಹದ ಬಳೆ ಬಿಚ್ಚಿಡಿ. ಕಣ್ಣಿಗೆ ಕನ್ನಡಕ ಹಾಕಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು ಶೇ. 4 ಸೇರಿದರೂ ಕಿಡಿ ತಗುಲಿ ಸ್ಫೋಟವಾಗುತ್ತದೆ. ಕೇಬಲ್ ಬಿಚ್ಚುವಾಗ ಮೊದಲು ಬ್ಯಾಟರಿ ಕನೆಕ್ಟರ್ ಎಳೆದುಬಿಡಿ. ಆಮೇಲೂ ಕಂಟ್ರೋಲರಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅದಕ್ಕೆ ಬ್ಯಾಟರಿಯ ಕೇಬಲ್ ಬಂದು ಕೂಡುವ ಬಿ ಪ್ಲಸ್, ಬಿ ಮೈನಸ್ ಟರ್ಮಿನಲ್ಲುಗಳ ನಡುವೆ ಒಂದು ಬಲ್ಬನ್ನು ಕೆಲವು ಸೆಕೆಂಡ್ ಹಿಡಿದರೆ ಖಾಲಿಯಾಗುತ್ತದೆ. ಸ್ಕ್ರೂ ಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಪದ್ಧತಿ ಬೇಡ.

ಇನ್ನು ಮೊದಲ ಅಳತೆ. ನನ್ನ ಪ್ರಕಾರ ಅರ್ಧ ಕೆಲಸ ಇದರಲ್ಲೇ ಮುಗಿಯುತ್ತದೆ. ಮೀಟರಿನ ಎರಡು ಕಡ್ಡಿಗಳನ್ನು ಎಂಟು ಬ್ಯಾಟರಿಯ ಮೊದಲ ಪ್ಲಸ್, ಕೊನೆಯ ಮೈನಸ್ ಮೇಲೆ ಇಡಿ. ಕೇಬಲ್ ತುದಿಯ ಲೋಹದ ಲಗ್ ಮೇಲೆ ಅಲ್ಲ, ಬ್ಯಾಟರಿಯ ಸೀಸದ ಕಂಬದ ಮೇಲೇ ಇಡಿ. ಒಬ್ಬರು ಸೀಟಿನಲ್ಲಿ ಕೂತು, ಕೀ ಹಾಕಿ, ಗೇರ್ ಲಿವರ್ ಮುಂದಕ್ಕೆ ತಳ್ಳಿ, ಪೆಡಲ್ ನಿಧಾನವಾಗಿ ಒತ್ತಲಿ. ಆ ಹೊತ್ತಿಗೆ 49.6 ಏನಾಗುತ್ತದೆ ನೋಡಿ.

ಧಡಕ್ಕನೆ 40, 35ಕ್ಕೆ ಇಳಿದರೆ ಕರೆಂಟ್ ಹರಿಯುತ್ತಿದೆ, ಆದರೆ ಬ್ಯಾಟರಿ ತಡೆಯುತ್ತಿಲ್ಲ. ಕೆಲವು ವೋಲ್ಟ್ ಮಾತ್ರ ಇಳಿದು, ಮೋಟಾರ್ ಕಡೆಯಿಂದ ಗುಂಯ್ ಅನ್ನುವ ಸದ್ದು ಬಂದರೆ ಬ್ಯಾಟರಿ ಪರವಾಗಿಲ್ಲ, ಮೋಟಾರನ್ನು ಏನೋ ಹಿಡಿದುಕೊಂಡಿದೆ. ಚೂರೂ ಇಳಿಯದೆ ಇದ್ದರೆ ಕರೆಂಟೇ ಹೊರಟಿಲ್ಲ, ದಾರಿ ಎಲ್ಲೋ ಕಡಿದಿದೆ ಅಥವಾ ಕಂಟ್ರೋಲರಿಗೆ ಹೋಗಬೇಕಾದ ಸೂಚನೆ ಹೋಗುತ್ತಿಲ್ಲ. ನೀವು ಬರೆದ ಲಕ್ಷಣ ನೋಡಿದರೆ ಈ ಮೂರನೆಯದೇ ಹೆಚ್ಚು ಸಾಧ್ಯ ಅನ್ನಿಸುತ್ತದೆ. ಆದರೂ ಮೂರನ್ನೂ ಹೇಳುತ್ತೇನೆ.

ವೋಲ್ಟ್ ಕುಸಿದರೆ, ಪೆಡಲ್ ಒತ್ತಿಸುತ್ತಲೇ ಎಂಟೂ ಬ್ಯಾಟರಿಗಳನ್ನು ಒಂದೊಂದಾಗಿ ಅಳೆಯಿರಿ. ಸುಮ್ನೆ ಇರುವಾಗ ಎಲ್ಲವೂ 6.2 ತೋರಿಸಬಹುದು. ಹೊರೆ ಬಿದ್ದಾಗ ಏಳು ಬ್ಯಾಟರಿ 5.9ರಲ್ಲಿ ನಿಂತು, ಒಂದು ಮಾತ್ರ 3ಕ್ಕೋ ಅದಕ್ಕೂ ಕೆಳಕ್ಕೋ ಜಾರಿದರೆ ಕಳ್ಳ ಸಿಕ್ಕಿದ ಹಾಗೆ. ತುಂಬಾ ದಿನ ನಿಂತ ಬ್ಯಾಟರಿಯಲ್ಲಿ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ವೋಲ್ಟ್ ಇರುತ್ತದೆ, ಕಸುವು ಇರುವುದಿಲ್ಲ. ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಪೂರ್ತಿ ಚಾರ್ಜ್ ಆದ ಸೆಲ್ 1.260ರಿಂದ 1.280 ತೋರಿಸಬೇಕು. ಒಂದು ಸೆಲ್ಲಿಗೂ ಇನ್ನೊಂದಕ್ಕೂ 0.050ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಡಿಮೆ ತೋರಿಸಿದ ಸೆಲ್ಲನ್ನು ಅನುಮಾನಿಸಿ. ನೀರಿನ ಮಟ್ಟ ಪ್ಲೇಟಿಗಿಂತ ಕೆಳಗಿದ್ದರೆ, ಪ್ಲೇಟ್ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜ್ ಮಾಡಿ. ಪೂರ್ತಿ ಮಟ್ಟಕ್ಕೆ ತುಂಬಿಸುವುದು ಚಾರ್ಜ್ ಮುಗಿದ ಮೇಲೆ.

ಗಾಡಿಯ ಪ್ಲೇಟಿನ ಮೇಲೆ ಬರೆದ ವೋಲ್ಟೇಜನ್ನೂ ಒಮ್ಮೆ ಓದಿ. ಹಳೆಯ ಗಾಡಿ ಮಾರುವಾಗ ಸಿಕ್ಕಿದ ಬ್ಯಾಟರಿ ಕೂರಿಸಿ ಕೊಡುವುದು ಉಂಟು. 36 ವೋಲ್ಟಿನ ಗಾಡಿಗೆ 48 ಕೊಟ್ಟರೆ ಎಷ್ಟೋ ಕಂಟ್ರೋಲರ್‌ಗಳು ವೋಲ್ಟೇಜ್ ಜಾಸ್ತಿ ಅಂತ ಕೆಲಸ ನಿಲ್ಲಿಸುತ್ತವೆ, ಕೆಲವು ಸುಟ್ಟೇ ಹೋಗುತ್ತವೆ. ಬ್ಯಾಟರಿ ಕನೆಕ್ಟರ್ ಆ್ಯಂಡರ್ಸನ್ ಎಸ್‌ಬಿ ಮಾದರಿಯದಾಗಿದ್ದರೆ ಅದರ ಬಣ್ಣವೂ ಸುಳಿವು ಕೊಡುತ್ತದೆ. ಕೆಂಪು 24 ವೋಲ್ಟ್, ಬೂದು 36, ನೀಲಿ 48. ಒಂದು ಬಣ್ಣದ ಕನೆಕ್ಟರ್ ಇನ್ನೊಂದಕ್ಕೆ ಕೂಡದ ಹಾಗೆ ಮಾಡಿರುತ್ತಾರೆ. ಗಾಡಿ ಕಡೆಯ ಕನೆಕ್ಟರ್ ಹೊಸದಾಗಿ ಕಂಡರೆ ಯಾರೋ ಬದಲಿಸಿದ್ದಾರೆ, ಯಾಕೆ ಅಂತ ಕೇಳಿ.

ಎರಡನೆಯದು ಗುಂಯ್ ಅಂದು ನಿಲ್ಲುವ ಗಾಡಿ. ಇದು ಸಾಮಾನ್ಯವಾಗಿ ಬ್ರೇಕಿನ ಕಥೆ. ಇಂಥ ಹಲವು ಗಾಡಿಗಳಲ್ಲಿ ಸ್ಪ್ರಿಂಗಿನಿಂದ ಹಿಡಿದು, ಕರೆಂಟ್ ಕೊಟ್ಟಾಗ ಬಿಡುವ ಬ್ರೇಕ್ ಇರುತ್ತದೆ. ಅದರ ಕಾಯಿಲ್ ಕಡಿದರೆ ಅಥವಾ ಅದರ ತಂತಿ ಕಳಚಿದರೆ ಬ್ರೇಕ್ ಬಿಡುವುದೇ ಇಲ್ಲ. ಬರೀ ಲೈನಿಂಗ್ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡಿರುವುದೂ ಉಂಟು. ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರೆ ಸಾಕು, ಬ್ರೇಕ್ ಹಿಡಿದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಈಗ ನಿಮ್ಮ ಗಾಡಿಯದ್ದು ಅಂತ ನಾನು ಅಂದುಕೊಂಡಿರುವ ಮೂರನೆಯದು. ಇಲ್ಲಿ ನಿಧಾನವಾಗಿ ಹೋಗೋಣ.

ಟಕ್ ಅಂದದ್ದು ಯಾವುದು ಅಂತ ಮೊದಲು ಗೊತ್ತಾಗಬೇಕು. ಕಾಂಟ್ಯಾಕ್ಟರ್ ಅಂದರೆ ಕಾಯಿಲಿನ ಎಳೆತದಿಂದ ಕೂಡುವ, ದೊಡ್ಡ ಕರೆಂಟಿನ ಸ್ವಿಚ್. ಒಂದು ಗಾಡಿಯಲ್ಲಿ ಅಂಥವು ಮೂರು ಇರಬಹುದು. ಒಂದು ಮುಖ್ಯ ಕಾಂಟ್ಯಾಕ್ಟರ್, ಇನ್ನೆರಡು ಮುಂದಕ್ಕೆ ಮತ್ತು ಹಿಂದಕ್ಕೆ. ಒಂದೊಂದರ ಪ್ಲಾಸ್ಟಿಕ್ ಮೈ ಮೇಲೆ ಬೆರಳಿಟ್ಟುಕೊಂಡು ಪೆಡಲ್ ಒತ್ತಿಸಿ. ಬೆರಳಿಗೆ ಬಡಿತ ಗೊತ್ತಾಗುತ್ತದೆ. ದಿಕ್ಕಿನದ್ದು ಬಡಿದು ಮುಖ್ಯದ್ದು ಸುಮ್ಮನಿದ್ದರೆ, ಅಥವಾ ಮುಖ್ಯದ್ದು ಬಡಿದು ದಿಕ್ಕಿನದ್ದು ಎರಡೂ ಸುಮ್ಮನಿದ್ದರೆ, ಹುಡುಕುವ ಜಾಗ ಚಿಕ್ಕದಾಯಿತು. ಯಾವುದು ಸುಮ್ಮನಿದೆಯೋ ಅದರ ಕಾಯಿಲಿಗೆ ವೋಲ್ಟ್ ಬರುತ್ತಿದೆಯೇ ನೋಡಿ. ಬರುತ್ತಿಲ್ಲ ಅಂದರೆ ಸೀಟ್ ಸ್ವಿಚ್, ಹ್ಯಾಂಡ್ ಬ್ರೇಕ್ ಸ್ವಿಚ್, ಪೆಡಲ್ ಕೆಳಗಿನ ಮೈಕ್ರೋ ಸ್ವಿಚ್, ಗೇರ್ ಲಿವರ್ ಸ್ವಿಚ್, ಚಾರ್ಜರ್ ಸಿಕ್ಕಿಸಿದಾಗ ಗಾಡಿ ಹೊರಡದ ಹಾಗೆ ತಡೆಯುವ ಸ್ವಿಚ್, ಇವುಗಳಲ್ಲಿ ಒಂದು ಕೈಕೊಟ್ಟಿದೆ. ನಿಂತ ಗಾಡಿಗೆ ಇಲಿ ಹೊಕ್ಕಿರುತ್ತದೆ, ಸೀಟಿನ ಕೆಳಗಿನ ಸಣ್ಣ ತಂತಿಗಳನ್ನು ಬೆಳಕು ಹಾಕಿ ನೋಡಿ. ಯಾರೋ ಸ್ವಿಚ್ ತಪ್ಪಿಸಿ ನೇರವಾಗಿ ಕೂಡಿಸಿದ ತುಂಡು ವೈರ್ ಕಂಡರೆ ಫೋಟೋ ತೆಗೆದಿಟ್ಟುಕೊಳ್ಳಿ. ಗಾಡಿ ಓಡಿದ ಮೇಲೆ ಆ ಸ್ವಿಚ್ ಮತ್ತೆ ಕೂರಿಸಲೇಬೇಕು. ಡ್ರೈವರ್ ಕೆಳಗಿಳಿದಾಗ ಗಾಡಿ ನಿಲ್ಲುವುದು ಅದರಿಂದಲೇ.

ಮುಖ್ಯ ಕಾಂಟ್ಯಾಕ್ಟರ್ ಬಡಿಯುತ್ತಿದೆ ಅಂತಿಟ್ಟುಕೊಳ್ಳಿ. ಬಡಿದರೆ ಕಾಯಿಲ್ ಎಳೆದಿದೆ ಅಂತ ಮಾತ್ರ ಅರ್ಥ. ಒಳಗಿನ ಬೆಳ್ಳಿ ತುದಿಗಳು ಒಂದನ್ನೊಂದು ಮುಟ್ಟಿವೆ ಅಂತ ಅಲ್ಲ. ಇಲ್ಲಿ ಅನುಭವ ಇರುವವರೂ ಬೀಳುವ ಒಂದು ಗುಂಡಿ ಇದೆ. ಮುಖ್ಯ ಕಾಂಟ್ಯಾಕ್ಟರಿನ ಎರಡು ದಪ್ಪ ಬೋಲ್ಟುಗಳ ನಡುವೆ ಸಣ್ಣದೊಂದು ರೆಸಿಸ್ಟರ್ ಕೂಡಿಸಿರುತ್ತಾರೆ. 48 ವೋಲ್ಟಿನ ಗಾಡಿಗಳಲ್ಲಿ 250 ಓಮ್, 5 ವ್ಯಾಟ್ ಸಾಮಾನ್ಯ. ಕಂಟ್ರೋಲರಿನ ಕೆಪಾಸಿಟರ್‌ಗಳನ್ನು ಮೊದಲೇ ಮೆಲ್ಲಗೆ ತುಂಬಿಸಿಡುವುದು ಅದರ ಕೆಲಸ. ಇಲ್ಲದಿದ್ದರೆ ಕಾಂಟ್ಯಾಕ್ಟರ್ ಕೂಡಿದಾಗಲೆಲ್ಲ ದೊಡ್ಡ ಕಿಡಿ ಹಾರಿ ತುದಿಗಳು ಬೆಸೆದುಕೊಳ್ಳುತ್ತವೆ. ತೊಂದರೆ ಏನಪ್ಪಾ ಅಂದರೆ, ಕಾಂಟ್ಯಾಕ್ಟರ್ ಕೂಡದೆ ಇದ್ದಾಗಲೂ ಈ ರೆಸಿಸ್ಟರ್ ಮೂಲಕ ಕಂಟ್ರೋಲರಿನ ಬಿ ಪ್ಲಸ್‌ಗೆ ವೋಲ್ಟ್ ಬಂದಿರುತ್ತದೆ. ಮೀಟರ್ ಇಟ್ಟರೆ ಹೆಚ್ಚುಕಡಿಮೆ 49 ತೋರಿಸುತ್ತದೆ. ‘ಕಂಟ್ರೋಲರಿಗೆ ಪೂರ್ತಿ ವೋಲ್ಟ್ ಬರುತ್ತಿದೆ, ಆದರೂ ಓಡಿಸುತ್ತಿಲ್ಲ, ಹಾಗಾದರೆ ಕಂಟ್ರೋಲರ್ ಹೋಗಿದೆ’ ಅನ್ನುವ ತೀರ್ಮಾನ ಹುಟ್ಟುವುದೇ ಇಲ್ಲಿ. ಹೊಸ ಕಂಟ್ರೋಲರ್ ತಂದು ಹಾಕಿದರೂ ಗಾಡಿ ಹಾಗೇ ನಿಂತಿರುತ್ತದೆ.

ಇದನ್ನು ಬಯಲು ಮಾಡಲು ಬಲ್ಬ್ ಸಾಕು. 24 ವೋಲ್ಟ್, 21 ವ್ಯಾಟಿನ ಲಾರಿ ಬಲ್ಬ್ ಎರಡನ್ನು ಒಂದರ ಹಿಂದೆ ಒಂದು ಕೂಡಿಸಿ ಎರಡು ವೈರ್ ಹೊರಗೆ ತನ್ನಿ. ಅದನ್ನು ಕಂಟ್ರೋಲರಿನ ಬಿ ಪ್ಲಸ್, ಬಿ ಮೈನಸ್ ನಡುವೆ ಹಿಡಿಯಿರಿ. ಕಾಂಟ್ಯಾಕ್ಟರ್ ಕೂಡುವ ಮೊದಲು ಬಲ್ಬ್ ಹತ್ತಬಾರದು. ಆ ರೆಸಿಸ್ಟರ್ ಮೂಲಕ ಬರುವ ಕರೆಂಟ್ ಅದಕ್ಕೆ ಸಾಲುವುದಿಲ್ಲ. ಟಕ್ ಅಂದ ಕೂಡಲೇ ಬಲ್ಬ್ ಜಗ್ಗನೆ ಉರಿಯಬೇಕು. ಟಕ್ ಅಂದರೂ ಬಲ್ಬ್ ಕಪ್ಪಾಗಿಯೇ ಇದ್ದರೆ ತುದಿಗಳು ಮುಟ್ಟುತ್ತಿಲ್ಲ, ಅಥವಾ ಅದರ ಹಿಂದಿನ ದಪ್ಪ ಫ್ಯೂಸ್ ಹೋಗಿದೆ. ಫ್ಯೂಸನ್ನು ಕಣ್ಣಲ್ಲಿ ನೋಡಿ ನಂಬಬೇಡಿ, ಬಿಚ್ಚಿ ಅಳೆಯಿರಿ. ಕಾಂಟ್ಯಾಕ್ಟರ್ ತೆರೆದು ನೋಡಿದಾಗ ತುದಿ ಬರೀ ಕಪ್ಪಾಗಿದ್ದರೆ ಅದೇನೂ ದೋಷವಲ್ಲ, ಬೆಳ್ಳಿ ಕಪ್ಪಾಗುವುದು ಸಹಜ. ಆಳವಾಗಿ ಗುಳಿ ಬಿದ್ದಿದ್ದರೆ, ನಡುವೆ ಧೂಳು ಅಥವಾ ಕಿಲುಬು ಕೂತಿದ್ದರೆ ಅದೇ ಕಾರಣ. ಗುಳಿ ಬಿದ್ದ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡುವುದಕ್ಕಿಂತ ಹೊಸ ತುದಿಗಳ ಸೆಟ್ ಹಾಕುವುದು ಒಳ್ಳೆಯದು.

ಬಲ್ಬ್ ಚೆನ್ನಾಗಿ ಉರಿಯಿತು, ಗಾಡಿ ಹೊರಡಲಿಲ್ಲ. ಆಗ ಮೀಟರನ್ನು ಮೋಟಾರ್ ಕಡೆಗೆ ತಗೊಂಡು ಹೋಗಿ. ಪೆಡಲ್ ಒತ್ತಿರುವಾಗ ಕಂಟ್ರೋಲರಿನ ಬಿ ಪ್ಲಸ್‌ನಿಂದ ಎಂ ಮೈನಸ್‌ಗೆ ಎಷ್ಟು ವೋಲ್ಟ್ ಬರುತ್ತದೆ? ಎಂ ಮೈನಸ್ ಅಂದರೆ ಮೋಟಾರಿನ ಕೇಬಲ್ ಕೂಡುವ ಟರ್ಮಿನಲ್. ಪೆಡಲ್ ಒತ್ತಿದ ಹಾಗೆ ಏರುತ್ತಿದ್ದರೆ ಕಂಟ್ರೋಲರ್ ತನ್ನ ಕೆಲಸ ಮಾಡುತ್ತಿದೆ, ದಾರಿ ಮೋಟಾರಿನಲ್ಲೋ ದಿಕ್ಕಿನ ಕಾಂಟ್ಯಾಕ್ಟರಿನಲ್ಲೋ ಕಡಿದಿದೆ. ನಿಂತ ಗಾಡಿಯಲ್ಲಿ ನಾನು ಮೊದಲು ನೋಡುವುದು ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್. ತೇವಕ್ಕೂ ಧೂಳಿಗೂ ಅವು ಹೋಲ್ಡರಿನಲ್ಲಿ ಅಂಟಿಕೊಳ್ಳುತ್ತವೆ. ಬ್ಯಾಟರಿ ಬಿಚ್ಚಿ, ಬ್ರಷ್ ಮುಚ್ಚಿರುವ ಮೋಟಾರಿನ ಪಟ್ಟಿ ತೆಗೆದು, ಸ್ಪ್ರಿಂಗ್ ಎತ್ತಿ ಪ್ರತಿ ಬ್ರಷ್ಷನ್ನೂ ಅದರ ವೈರ್ ಹಿಡಿದು ಮೇಲೆ ಕೆಳಗೆ ಆಡಿಸಿ. ಸಲೀಸಾಗಿ ಜಾರಬೇಕು. ಬಿಟ್ಟ ಕೂಡಲೇ ಕಮ್ಯುಟೇಟರಿನ, ಅಂದರೆ ತಾಮ್ರದ ಪಟ್ಟಿಗಳ ತಿರುಗುವ ಉರುಳೆಯ, ಮೇಲೆ ಹೋಗಿ ಕೂರಬೇಕು. ಸಿಕ್ಕಿಕೊಂಡರೆ ಹೋಲ್ಡರ್ ಒರೆಸಿ, ಬ್ರಷ್ಷಿನ ಪಕ್ಕಗಳನ್ನು ಹಗುರಾಗಿ ಉಜ್ಜಿ. ಕಮ್ಯುಟೇಟರ್ ಹೊಳೆಯುವ ಕಂದು ಬಣ್ಣದಲ್ಲಿದ್ದರೆ ಹಾಗೇ ಬಿಡಿ. ಕಪ್ಪು ಕಲೆ ಅಥವಾ ಹಸಿರು ಕಿಲುಬು ಇದ್ದರೆ ನುಣುಪು ಸ್ಯಾಂಡ್ ಪೇಪರ್ ಸಾಕು. ಎಮರಿ ಮಾತ್ರ ಬೇಡ, ಅದರ ಪುಡಿ ಕರೆಂಟ್ ಹಾಯಿಸುತ್ತದೆ, ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ.

ಮೋಟಾರ್ ಒಳ್ಳೆಯದೇ ಅಂತ ನೇರವಾಗಿ ನೋಡುವ ದಾರಿಯೂ ಇದೆ. ಮೋಟಾರಿನ ಕೇಬಲ್‌ಗಳನ್ನು ಕಂಟ್ರೋಲರಿನಿಂದ ಪೂರ್ತಿ ಬಿಚ್ಚಿ. ಸೀರೀಸ್ ಮೋಟಾರ್ ಆಗಿದ್ದರೆ ಆರ್ಮೇಚರ್ (ತಿರುಗುವ ಭಾಗದ ಸುತ್ತು), ಫೀಲ್ಡ್ (ನಿಂತ ಭಾಗದ ಸುತ್ತು) ಎರಡನ್ನೂ ಒಂದರ ಹಿಂದೆ ಒಂದು ಕೂಡಿಸಿ, ಬೇರೆಯದೇ ಒಂದು 12 ವೋಲ್ಟಿನ ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರಿನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಕೊಡಿ. ಎತ್ತಿದ ಚಕ್ರ ತಿರುಗಿದರೆ ಮೋಟಾರ್ ಮೇಲಿನ ಅನುಮಾನ ಬಿಡಬಹುದು. ಮೋಟಾರಿನಿಂದ ಮೂರು ದಪ್ಪ ಕೇಬಲ್ ಬಂದು ಯು, ವಿ, ಡಬ್ಲ್ಯು ಅಂತ ಬರೆದಿದ್ದರೆ ಅದು ಎ.ಸಿ. ಮೋಟಾರ್. ಅದರಲ್ಲಿ ಬ್ರಷ್ಷೂ ಇಲ್ಲ, ಈ 12 ವೋಲ್ಟಿನ ಪರೀಕ್ಷೆಯೂ ಹೊಂದುವುದಿಲ್ಲ. ಅಲ್ಲಿ ವೇಗ ಅಳೆಯುವ ಎನ್‌ಕೋಡರಿನ ಸಣ್ಣ ತಂತಿ ಮತ್ತು ಡಿಸ್‌ಪ್ಲೇಯ ದೋಷದ ಕೋಡ್ ಮೊದಲು ನೋಡಬೇಕು.

ಎಂ ಮೈನಸ್ ಕಡೆ ವೋಲ್ಟೇ ಬರುತ್ತಿಲ್ಲ ಅಂದರೂ ಕಂಟ್ರೋಲರ್ ಹೋಗಿದೆ ಅಂತ ಹೇಳುವ ಹೊತ್ತು ಇನ್ನೂ ಬಂದಿಲ್ಲ. ಪೆಡಲ್ ಏನು ಹೇಳುತ್ತಿದೆ ಅಂತ ನೋಡಬೇಕು. ಪೆಡಲ್ ಒತ್ತಿರುವಾಗ ಕೀ ಹಾಕಿದರೆ ಹೊರಡಬಾರದು ಅನ್ನುವ ರಕ್ಷಣೆ ಬಹಳಷ್ಟು ಕಂಟ್ರೋಲರ್‌ಗಳಲ್ಲಿದೆ. ಪೆಡಲಿನ ಪಾಟ್, ಅಂದರೆ ಒತ್ತಿದ ಹಾಗೆ ತಡೆ ಬದಲಾಗುವ ರೆಸಿಸ್ಟರ್, ಸವೆದು, ಕಾಲು ತೆಗೆದಾಗಲೂ ಅರ್ಧ ಒತ್ತಿದ ಹಾಗೆ ತೋರಿಸುತ್ತಿದ್ದರೆ ಕಂಟ್ರೋಲರ್ ಸರಿಯಾಗಿಯೇ ಹಟ ಹಿಡಿದು ಕೂತಿರುತ್ತದೆ. ಕೂರುವುದು, ಕೀ, ದಿಕ್ಕು, ಪೆಡಲ್ ಅನ್ನುವ ಕ್ರಮ ತಪ್ಪಿದರೂ ಕೆಲವು ಗಾಡಿ ಹೊರಡುವುದಿಲ್ಲ. ಹೊಸ ಮಾಲೀಕರಿಗೆ ಇದು ಗೊತ್ತಿರುವುದಿಲ್ಲ, ಒಮ್ಮೆ ಈ ಕ್ರಮದಲ್ಲೇ ಮಾಡಿ ನೋಡಿ. ಆಮೇಲೆ ಕೀ ತೆಗೆದು, ಪಾಟಿನ ಎರಡು ತಂತಿ ಬಿಚ್ಚಿ ಓಮ್ ಅಳೆಯಿರಿ. ಎರಡು ತಂತಿಯ ಹಳೆಯ ಪೆಡಲ್‌ಗಳಲ್ಲಿ 0 ರಿಂದ 5 ಕಿಲೋಓಮ್ ಬಹಳ ಸಾಮಾನ್ಯ, ಕೆಲವದರಲ್ಲಿ 5ರಿಂದ 0. ಒತ್ತಿದ ಹಾಗೆ ಎಲ್ಲೂ ಎಗರದೆ ಬದಲಾಗಬೇಕು. ಮುಳ್ಳಿನ ಮೀಟರ್ ಇದ್ದರೆ ಅದನ್ನೇ ಬಳಸಿ, ಮಧ್ಯದಲ್ಲಿ ಎಲ್ಲಿ ಕಡಿಯುತ್ತದೆ ಅನ್ನುವುದು ಮುಳ್ಳಿನ ಕುಣಿತದಲ್ಲಿ ಬೇಗ ಕಾಣುತ್ತದೆ. ಮೂರು ತಂತಿಯ ಪೆಡಲ್ ಆಗಿದ್ದರೆ ಓಮ್ ಬದಲು, ತಂತಿ ಕೂಡಿಸಿಯೇ, ಸಿಗ್ನಲ್ ತಂತಿಯ ವೋಲ್ಟ್ ನೋಡಿ.

ಕಂಟ್ರೋಲರಿನಲ್ಲಿ ಕೀ ಸ್ವಿಚ್ಚಿನ ತಂತಿ ಬರುವ ಸಣ್ಣ ಟರ್ಮಿನಲ್ ಇರುತ್ತದೆ. ಪೆಡಲ್ ಒತ್ತಿರುವಾಗಲೂ ಅಲ್ಲಿ ಪೂರ್ತಿ ಬ್ಯಾಟರಿ ವೋಲ್ಟ್ ಇರಬೇಕು. ಕಂಟ್ರೋಲರಿನ ಮೇಲೆ ಸಣ್ಣ ಎಲ್ಇಡಿ ಮಿನುಗುತ್ತಿದ್ದರೆ ಎಷ್ಟು ಸಲ ಮಿನುಗಿ ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳಿ. ಅರ್ಥ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಆದ್ದರಿಂದ ಲೇಬಲ್ಲಿನ ನಂಬರ್ ಹಿಡಿದು ಅದೇ ಮಾಡೆಲಿನ ಮ್ಯಾನ್ಯುಯಲ್ ನೋಡಿ.

ಬಿ ಪ್ಲಸ್‌ನಲ್ಲಿ ಬಲ್ಬ್ ಉರಿಯುತ್ತದೆ, ಕೀ ಟರ್ಮಿನಲ್ಲಿನಲ್ಲಿ ವೋಲ್ಟ್ ಇದೆ, ಪೆಡಲ್ ಸರಿ ಇದೆ, ಮೋಟಾರ್ 12 ವೋಲ್ಟಿನಲ್ಲಿ ತಿರುಗಿತು, ಆದರೂ ಎಂ ಮೈನಸ್‌ನಲ್ಲಿ ಏನೂ ಇಲ್ಲ. ಆಗ ಕಂಟ್ರೋಲರ್ ಹೋಗಿದೆ ಅಂತ ನಾನೂ ಒಪ್ಪುತ್ತೇನೆ. ಶಾರ್ಟ್ ಆಗಿದೆಯೇ ಅನ್ನುವುದನ್ನು, ಬ್ಯಾಟರಿ ಬಿಚ್ಚಿ ಕೆಪಾಸಿಟರ್ ಖಾಲಿ ಮಾಡಿ, ಮೋಟಾರ್ ಕೇಬಲ್ ತೆಗೆದು, ಮೀಟರಿನ ಡಯೋಡ್ ಸ್ಥಾನದಲ್ಲಿ ಬಿ ಮೈನಸ್, ಎಂ ಮೈನಸ್ ನಡುವೆ ನೋಡಬಹುದು. ಒಂದು ಕಡೆ ಅರ್ಧ ವೋಲ್ಟಿನ ಆಸುಪಾಸು ತೋರಿಸಿ, ಕಡ್ಡಿ ಅದಲು ಬದಲು ಮಾಡಿದಾಗ ಹಾಗೆ ಹಾಯಬಾರದು. ಎರಡೂ ಕಡೆ ಸೊನ್ನೆ ಬಂದರೆ ಒಳಗೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಸುಟ್ಟಿದೆ. ಅಂಥ ಗಾಡಿಗೆ ಬ್ಯಾಟರಿ ಮತ್ತೆ ಕೂಡಿಸಲೇಬೇಡಿ.

ಇನ್ನೊಂದು ಮಾತು ಬಿಟ್ಟುಹೋಗಬಾರದು, ಕೇಬಲ್ ಲಗ್‌ಗಳದ್ದು. ಹೊರಗೆ ಚೆನ್ನಾಗಿ ಕಾಣುವ ಲಗ್ ಒಳಗೆ ಹಸಿರಾಗಿ ಕೊಳೆತಿರುತ್ತದೆ. ಬರೀ 0.05 ಓಮ್ ತಡೆ ಇದ್ದರೂ 100 ಆಂಪಿಯರ್ ಹರಿದಾಗ 5 ವೋಲ್ಟ್ ಅಲ್ಲೇ ಕಳೆದು, 500 ವ್ಯಾಟ್ ಬಿಸಿಯಾಗುತ್ತದೆ. ಓಮ್ ಮೀಟರಿಗೆ ಅಷ್ಟು ಸಣ್ಣ ತಡೆ ಗೊತ್ತಾಗುವುದಿಲ್ಲ. ಅದರ ಕಡ್ಡಿಗಳದ್ದೇ ಅದಕ್ಕಿಂತ ಜಾಸ್ತಿ ಇರುತ್ತದೆ. ಗಾಡಿ ಸ್ವಲ್ಪ ಕದಲುವ ಹಾಗಾದ ಮೇಲೆ, ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಅದೇ ಕೇಬಲ್ಲಿನ ಆ ತುದಿಗೆ ಇಟ್ಟು ಪೆಡಲ್ ಒತ್ತಿಸಿ ವೋಲ್ಟ್ ಅಳೆಯಿರಿ. ಒಂದು ಕೇಬಲ್ಲಿನಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಕಳೆದರೆ ಲಗ್ ಬಿಚ್ಚಿ ಉಜ್ಜಿ, ಇಲ್ಲವೇ ಕೇಬಲ್ಲೇ ಬದಲಿಸಿ.

ಇಷ್ಟು ನೋಡಿ ಆದ ಮೇಲೂ ಗಾಡಿ ನಿಂತೇ ಇದ್ದರೆ ಮತ್ತೆ ಬರೆಯಿರಿ. ಬರೆಯುವಾಗ ಕಂಟ್ರೋಲರಿನ ಲೇಬಲ್ ಫೋಟೋ, ಪೆಡಲ್ ಒತ್ತಿದಾಗ ಬ್ಯಾಟರಿ ವೋಲ್ಟ್ ಎಲ್ಲಿಗೆ ಇಳಿಯಿತು, ಬಲ್ಬ್ ಹತ್ತಿತೋ ಇಲ್ಲವೋ, ಎಂ ಮೈನಸ್‌ನಲ್ಲಿ ಎಷ್ಟು ಬಂತು, ಈ ನಾಲ್ಕನ್ನೂ ಕೊಡಿ. ಇವಿಷ್ಟು ಸಿಕ್ಕರೆ ಮುಂದೆ ಎಲ್ಲಿ ಕೈ ಹಾಕಬೇಕು ಅಂತ ಹೇಳಬಲ್ಲೆ.